ನೀವು ಎಷ್ಟು ಗಂಟೆಗೆ ಎಣಿಸಿದಿರಿ?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ನಮ್ಮ ಊರಿನಲ್ಲಿ, ಪ್ರಾಥಮಿಕ ಶಾಲೆಯ ಎದುರಿನ ಮೂಲೆ ನಿವೇಶನದಲ್ಲಿ, ಕಾರಿನಲ್ಲಿ ಕುಳಿತೇ ತಿಂಡಿ ಕೊಳ್ಳುವ ಡ್ರೈವ್-ಥ್ರೂ ರೆಸ್ಟೋರೆಂಟ್ ಕಟ್ಟುವ ಪ್ರಸ್ತಾವದ ಮೇಲೆ ಈ ವಾರ, ಇಂಥ ಪರವಾನಗಿಗಳನ್ನು ತೀರ್ಮಾನಿಸುವ ನಗರದ ಯೋಜನಾ ಆಯೋಗದ ಮುಂದೆ ಬಹಿರಂಗ ವಿಚಾರಣೆ ನಡೆಯಿತು. ರಾತ್ರಿ ಬಹಳ ಹೊತ್ತು ನಡೆದ ಆ ಸಭೆಯಲ್ಲಿ ಕೇಳಿದ ಮಾತುಗಳು ಬಹುಪಾಲು ಆಗಲೇ ಮಸುಕಾಗಿವೆ. ಒಂದು ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರ ಮಾತ್ರ ಅಡುಗೆಮನೆಯಲ್ಲಿ ನಿಂತಾಗಲೂ, ಕಚೇರಿಯ ಕೆಲಸದ ನಡುವೆಯೂ ಮತ್ತೆ ಮತ್ತೆ ನೆನಪಾಗುತ್ತಿವೆ.

ಆ ಶಾಲೆಯ ಮುಂದೆ ಸ್ಟಾಪ್ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಹಿರಿಯರೊಬ್ಬರಿದ್ದಾರೆ. ಅಂದು ಅವರು ಕೆಲಸಕ್ಕೆ ತೊಡುವ ಹೊಳೆಯುವ ಹಳದಿ ಮೇಲಂಗಿಯಲ್ಲೇ ಸಭೆಗೆ ಬಂದಿದ್ದರು. ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ. ಹಸಿರು, ಹಳದಿ, ಕೆಂಪು ದೀಪಗಳು ಉರಿದು ಸಮಯ ತಿಳಿಸುತ್ತವೆ. ಹಸಿರು ದೀಪ ಇನ್ನೂ ಉರಿಯುತ್ತಿದ್ದಾಗಲೇ ಅವರ ಮಾತು ಮುಗಿದಿತ್ತು. ಅರ್ಜಿದಾರರ ಪರವಾಗಿ ಕುಳಿತಿದ್ದ ಸಂಚಾರ ಎಂಜಿನಿಯರ್ ಕಡೆಗೆ ತಿರುಗಿ, ‘ನೀವು ಎಷ್ಟು ಗಂಟೆಗೆ ಎಣಿಸಿದಿರಿ?’ ಎಂದು ಕೇಳಿದರು. ಪ್ರಶ್ನೆಗಳಿದ್ದರೆ ಆಯೋಗಕ್ಕೆ ಹೇಳಬೇಕೆಂದು ಅಧ್ಯಕ್ಷೆ ಮೆಲ್ಲಗೆ ತಿದ್ದಿದರು. ಆದರೆ ಒಂದು ಕ್ಷಣ ಬಿಟ್ಟು ಅದೇ ಪ್ರಶ್ನೆಯನ್ನು ತಾವೇ ಎಂಜಿನಿಯರಿಗೆ ಕೇಳಿದರು. ಎಂಜಿನಿಯರ್ ತಮ್ಮ ವಾಹನ ಎಣಿಕೆಯ ವರದಿಯ ಪುಟ ತಿರುವಿ, ‘ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು. ಎಲ್ಲ ಕಡೆ ಇದೇ ಕ್ರಮ’ ಎಂದರು. ‘ಶಾಲೆ ಬಿಡುವುದು ಎರಡೂಮುಕ್ಕಾಲಿಗೆ. ಬುಧವಾರ ಒಂದೂವರೆಗೆ’ ಎಂದಷ್ಟೇ ಹೇಳಿ ಹಿರಿಯರು ತಮ್ಮ ಜಾಗಕ್ಕೆ ಹೋಗಿ ಕುಳಿತರು.

ಆ ಎಂಜಿನಿಯರ್ ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ರಸ್ತೆಯ ಮೇಲೆ ಅತಿ ಹೆಚ್ಚು ವಾಹನಗಳಿರುವ ಹೊತ್ತು ನೋಡಿ ಎಣಿಸುವುದು, ಸಿಗ್ನಲ್ಲಿನಲ್ಲಿ ಒಂದು ಕಾರು ಎಷ್ಟು ಸೆಕೆಂಡು ಕಾಯುತ್ತದೆ ಎಂದು ಲೆಕ್ಕ ಹಾಕುವುದು, ಆ ಕಾಯುವಿಕೆಗೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಕೊಡುವುದು ಅಮೆರಿಕದ ಸಂಚಾರ ಅಧ್ಯಯನಗಳಲ್ಲಿ ದಶಕಗಳಿಂದ ನಡೆದುಬಂದ ಪದ್ಧತಿ. ಅವರು ಅದನ್ನು ಶ್ರದ್ಧೆಯಿಂದಲೇ ಮಾಡಿದ್ದರು. ನನಗೆ ನೋವಾದದ್ದು ಬೇರೆ ಕಾರಣಕ್ಕೆ. ಅಷ್ಟು ದಪ್ಪದ ವರದಿ ಸಿದ್ಧವಾಗಿ, ನಗರದ ಸಿಬ್ಬಂದಿ ಅದನ್ನು ಪರಿಶೀಲಿಸಿ, ಪರವಾನಗಿ ಕೊಡಬಹುದೆಂಬ ಶಿಫಾರಸಿನೊಂದಿಗೆ ಆಯೋಗದ ಮುಂದಿಡುವವರೆಗೆ, ಎದುರಿಗಿರುವ ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ.

ಪ್ರಸ್ತಾವವನ್ನು ಸ್ವಲ್ಪ ವಿವರಿಸುತ್ತೇನೆ. ಮುಚ್ಚಿಹೋದ ಬ್ಯಾಂಕ್ ಶಾಖೆಯೊಂದರ ಕಟ್ಟಡ ಕೆಡವಿ ಅಲ್ಲಿ ರೆಸ್ಟೋರೆಂಟ್ ಕಟ್ಟುವುದು, ಒಳಗೆ ಕೂರುವ ಜಾಗ ಕಡಿಮೆ ಮಾಡಿ ಕಾರುಗಳಿಗೆ ಎರಡು ಸಾಲು ಮಾಡುವುದು ಯೋಜನೆ. ಒಳಗೆ ಬರುವ ಒಂದು ದಾರಿ ಮುಖ್ಯರಸ್ತೆಯಿಂದ. ಇನ್ನೊಂದು ಶಾಲೆಯ ಪಕ್ಕದ ಸಣ್ಣ ರಸ್ತೆಯಿಂದ. ಹಿಂಬದಿಯ ಅಪಾರ್ಟ್‌ಮೆಂಟುಗಳ ಮಕ್ಕಳು ಶಾಲೆಗೆ ನಡೆದು ಹೋಗುವುದು ಆ ಸಣ್ಣ ರಸ್ತೆಯ ಕಾಲುದಾರಿಯಲ್ಲೇ. ಮುಖ್ಯರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿದರೆ ಚಾಲಕರು ಸಹಜವಾಗಿಯೇ ಪಕ್ಕದ ದಾರಿ ಹಿಡಿಯುತ್ತಾರೆ, ಮತ್ತು ಆ ದಾರಿಯಲ್ಲಿ ಒಳಗೆ ತಿರುಗುವ ಒಂದೊಂದು ಕಾರೂ ಮಕ್ಕಳ ಕಾಲುದಾರಿಯನ್ನು ಅಡ್ಡ ದಾಟಿಯೇ ಹೋಗಬೇಕು.

ವರದಿಯಲ್ಲಿ ಸಮಾಧಾನಕರವಾಗಿ ಕಾಣುವ ಒಂದು ಲೆಕ್ಕವಿದೆ. ಇಂಥ ರೆಸ್ಟೋರೆಂಟಿಗೆ ಬರುವ ಕಾರುಗಳಲ್ಲಿ ಸುಮಾರು ಅರ್ಧದಷ್ಟು ಹೇಗೂ ಆ ರಸ್ತೆಯಲ್ಲೇ ಹೋಗುತ್ತಿದ್ದವು, ಆದ್ದರಿಂದ ಅವು ಹೊಸ ಸಂಚಾರವಲ್ಲ ಎಂದು ಕಳೆದುಬಿಡುತ್ತಾರೆ. ಮುಖ್ಯರಸ್ತೆಯ ಮಟ್ಟಿಗೆ ಈ ವಾದ ಸರಿ. ಆದರೆ ಕಾಲುದಾರಿಯ ಮಟ್ಟಿಗೆ ಹಾಗೆ ಕಳೆಯಲು ಬರುವುದಿಲ್ಲ. ಇಷ್ಟು ದಿನ ನೇರವಾಗಿ ಹೋಗಿಬಿಡುತ್ತಿದ್ದ ಕಾರು ಈಗ ಹಸಿವಾಯಿತೆಂದು ಒಳಗೆ ತಿರುಗಿದರೆ, ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುತ್ತಿರುವ ಏಳು ವರ್ಷದ ಮಗುವಿಗೆ ಅದು ಹೊಸ ಕಾರೇ. ಹಿರಿಯರ ಪ್ರಶ್ನೆ ನನ್ನಲ್ಲಿ ಬೆಳೆದದ್ದು ಇಲ್ಲಿಂದ. ಎಷ್ಟು ಗಂಟೆಗೆ ಎಣಿಸಿದಿರಿ ಎಂಬುದರ ಜೊತೆಗೆ, ಎಲ್ಲಿ ನಿಂತು ಎಣಿಸಿದಿರಿ, ಯಾರನ್ನು ಎಣಿಸಿದಿರಿ ಎಂದೂ ಕೇಳಬೇಕಾಗಿದೆ.

ಕ್ಯಾಲಿಫೋರ್ನಿಯಾದಲ್ಲಿ ಈ ವಿಷಯಕ್ಕೆ ಇನ್ನೊಂದು ತೊಡಕಿದೆ. ಹೊಸ ಯೋಜನೆಗಳ ಪರಿಸರ ಪರಿಶೀಲನೆಯಲ್ಲಿ, ವಾಹನ ದಟ್ಟಣೆಯಿಂದಾಗುವ ವಿಳಂಬವನ್ನು ಪರಿಸರದ ಮೇಲಿನ ದುಷ್ಪರಿಣಾಮವೆಂದು ಪರಿಗಣಿಸುವುದನ್ನು ರಾಜ್ಯವು 2013ರಲ್ಲಿ ಮಾಡಿದ ಕಾನೂನಿನ ಮೂಲಕ ಕೈಬಿಟ್ಟಿತು. 2020ರ ಜುಲೈ 1ರಿಂದ ಅದು ಇಡೀ ರಾಜ್ಯಕ್ಕೆ ಅನ್ವಯಿಸಿದೆ. ಈಗ ನೋಡುವುದು ಜನರು ಒಟ್ಟು ಎಷ್ಟು ಮೈಲಿ ವಾಹನ ಓಡಿಸಬೇಕಾಗುತ್ತದೆ ಎಂಬುದನ್ನು. ಈ ಬದಲಾವಣೆಯ ಉದ್ದೇಶ ಒಳ್ಳೆಯದು, ನಾನು ಅದನ್ನು ಒಪ್ಪುತ್ತೇನೆ. ವಿಳಂಬ ತಪ್ಪಿಸಲೆಂದು ರಸ್ತೆಗಳನ್ನು ಅಗಲ ಮಾಡುತ್ತಾ, ಊರ ನಡುವೆ ಮನೆ ಕಟ್ಟುವುದನ್ನು ತಡೆಯುತ್ತಾ ಬಂದದ್ದರಿಂದಲೇ ಜನ ದೂರದೂರ ಹೋಗಿ ನೆಲೆಸಬೇಕಾಯಿತು. ಆದರೆ ಅದೇ ನಿಯಮಗಳ ಮಾರ್ಗಸೂಚಿಯಲ್ಲಿ 50,000 ಚದರ ಅಡಿಗಿಂತ ಚಿಕ್ಕದಾದ ಸ್ಥಳೀಯ ಮಳಿಗೆಗಳಿಂದ ಹೆಚ್ಚಿನ ಪರಿಣಾಮವಿಲ್ಲವೆಂದು ಸಾಮಾನ್ಯವಾಗಿ ಭಾವಿಸಬಹುದು ಎಂದಿದೆ. ಹಾಗಾಗಿ ‘ಟ್ರಾಫಿಕ್ ಹೆಚ್ಚುತ್ತದೆ’ ಎಂದು ಹತ್ತಾರು ಜನ ಸಿಟ್ಟಿನಿಂದ ಹೇಳಿದರೂ ಪರಿಸರ ಕಾನೂನಿನ ಕಣ್ಣಿಗೆ ಆ ಮಾತಿಗೆ ಬಲವಿಲ್ಲ. ನಗರದ ಕೈಯಲ್ಲಿ ಉಳಿದಿರುವುದು ಷರತ್ತಿನ ಮೇಲೆ ಕೊಡುವ ಬಳಕೆ ಪರವಾನಗಿ. ಅದರಲ್ಲಿ ಸುರಕ್ಷತೆಯ ಬಗ್ಗೆ ಕೇಳುವ, ಷರತ್ತು ಹಾಕುವ, ಬೇಕಾದರೆ ನಿರಾಕರಿಸುವ ಅಧಿಕಾರ ಆಯೋಗಕ್ಕಿದೆ. ಹಿರಿಯರ ಪ್ರಶ್ನೆ ನಾಟಿದ್ದು ಸರಿಯಾಗಿ ಅಲ್ಲಿಗೇ.

ಪ್ರಸ್ತಾವವನ್ನು ವಿರೋಧಿಸಿದ ನಮ್ಮ ಕಡೆಯವರಲ್ಲಿ ಎಲ್ಲರೂ ಸರಿಯಾಗಿ ಮಾತಾಡಿದರು ಎಂದು ಹೇಳಲಾರೆ. ನಿವೃತ್ತರಾದ ಒಬ್ಬ ಮಹನೀಯರು, ಹಿಂದೆ ಇದೇ ಬಡಾವಣೆಗೆ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟುಗಳು ಬರುತ್ತವೆಂದಾಗ ಆಡಿದ ಮಾತುಗಳನ್ನೇ ಅಂದೂ ಆಡಿದರು: ಟ್ರಾಫಿಕ್, ಪಾರ್ಕಿಂಗ್, ಮನೆಗಳ ಬೆಲೆ, ‘ಹೊರಗಿನವರು’. ವಾಸದ ಮನೆಗೂ ಬರ್ಗರ್ ಅಂಗಡಿಗೂ ಒಂದೇ ಆಕ್ಷೇಪ ಎತ್ತುವವರು ನಿಜವಾಗಿ ರಸ್ತೆಯ ಬಗ್ಗೆ ಮಾತಾಡುತ್ತಿಲ್ಲ ಎಂದು ಆಯೋಗದ ಸದಸ್ಯರಿಗೂ ಗೊತ್ತು. ಇಂಥ ಭಾಷಣಗಳು ನಮ್ಮ ವಾದದ ತೂಕ ಕಳೆಯುತ್ತವೆ. ಇನ್ನೊಂದು ಕಡೆ, ಅರ್ಜಿಯ ಪರವಾಗಿ ಮಾತಾಡಿದ ಕಾಲೇಜು ಹುಡುಗನೊಬ್ಬ, 2024ರ ಏಪ್ರಿಲ್‌ನಿಂದ ದೊಡ್ಡ ಫಾಸ್ಟ್ ಫುಡ್ ಸರಣಿಗಳಲ್ಲಿ ಗಂಟೆಗೆ ಕನಿಷ್ಠ 20 ಡಾಲರ್ ಕೂಲಿ ಇದೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಥ ಕೆಲಸ ಸಿಕ್ಕರೆ ತನಗೆ ಕಾರಿನ ಖರ್ಚು ಉಳಿಯುತ್ತದೆ ಎಂದ. ಗಾಲಿಕುರ್ಚಿಯಲ್ಲಿರುವ ಮಗನ ತಾಯಿಯೊಬ್ಬರು, ಮಗನನ್ನು ಕಾರಿನಿಂದ ಇಳಿಸಿ ಹತ್ತಿಸುವ ಶ್ರಮವಿಲ್ಲದೆ ಅವನಿಗೆ ಬೇಕಾದದ್ದು ಕೊಡಿಸಲು ತಮಗಿರುವ ದಾರಿ ಇದೊಂದೇ ಎಂದರು. ಆ ತಾಯಿಯ ಮಾತಿಗೆ ನಮ್ಮ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿ ನನಗೆ ಬೇಸರವಾಯಿತು. ಅವರು ನಮ್ಮ ವಿರೋಧಿಯಲ್ಲ. ಕಾರಿನಿಂದ ಇಳಿಯಲು ಕಷ್ಟಪಡುವ ಅವರ ಮಗನಂತೆಯೇ, ಕಾರಿಲ್ಲದೆ ನಡೆಯುವ ಮಕ್ಕಳೂ ಆ ವರದಿಯ ಲೆಕ್ಕದಲ್ಲಿಲ್ಲ.

ಸಾಲು ಉದ್ದವಾದರೆ ಏನಾಗುತ್ತದೆ ಎಂಬುದು ಊಹೆಯ ಮಾತೂ ಅಲ್ಲ. ಇದೇ ರಾಜ್ಯದ ಸಾಂಟಾ ಬಾರ್ಬರಾದಲ್ಲಿ ಒಂದು ಡ್ರೈವ್-ಥ್ರೂ ಸಾಲು ಸ್ಟೇಟ್ ಸ್ಟ್ರೀಟಿನ ಒಂದು ಲೇನನ್ನೇ ಆಕ್ರಮಿಸುತ್ತಿತ್ತು. 2022ರಲ್ಲಿ ಅದನ್ನು ಸಾರ್ವಜನಿಕ ಉಪದ್ರವವೆಂದು ಘೋಷಿಸಬೇಕೇ ಎಂದು ಅಲ್ಲಿನ ನಗರಸಭೆ ಚರ್ಚಿಸುವಷ್ಟು ದೂರ ಹೋಯಿತು. ಮಿನಿಯಾಪೊಲಿಸ್ ನಗರವಂತೂ 2019ರಲ್ಲೇ ಹೊಸ ಡ್ರೈವ್-ಥ್ರೂಗಳನ್ನು ನಿಷೇಧಿಸಿತು. ನಮ್ಮ ಊರು ಅಷ್ಟು ದೂರ ಹೋಗಬೇಕೆಂದು ನಾನು ಕೇಳುತ್ತಿಲ್ಲ. ಕಟ್ಟಿದ ಮೇಲೆ ಸಾಲನ್ನು ಸರಿಪಡಿಸುವುದು ಎಷ್ಟು ಕಷ್ಟವೆಂದು ಕಟ್ಟುವ ಮೊದಲೇ ಯೋಚಿಸಲಿ ಎನ್ನುತ್ತಿದ್ದೇನೆ.

ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಶಿವಮೊಗ್ಗದಿಂದ ಬಂದು ಈಗ ನಮ್ಮೊಂದಿಗಿರುವ ಅಮ್ಮನಿಗೆ ಇಲ್ಲಿ ಕಾರು ಓಡಿಸಲು ಬರುವುದಿಲ್ಲ. ಪಾರ್ಕು, ಗ್ರಂಥಾಲಯ, ಬೆಂಚಿನ ಮೇಲೆ ಸಿಗುವ ತೆಲುಗು, ಪಂಜಾಬಿ ಅಜ್ಜಿಯರು, ಹೀಗೆ ಅವರ ಊರೆಲ್ಲ ಆ ಕಾಲುದಾರಿಗೆ ಹೊಂದಿಕೊಂಡೇ ಇದೆ. ಪೂರ್ತಿ ಕೇಳಿಸಿಕೊಂಡು, ‘ಅಲ್ಲ ಕಣೇ, ಮಕ್ಕಳು ಯಾವ ಹೊತ್ತಿಗೆ ಮನೆಗೆ ಹೋಗ್ತಾವೆ ಅಂತ ಆ ಯಜಮಾನರನ್ನ ಮೊದಲೇ ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ? ದಿನಾ ಅಲ್ಲೇ ನಿಂತಿರ್ತಾರಲ್ಲ’ ಎಂದರು. ನನಗೂ ಅದೇ ಅನಿಸಿತ್ತು. ವರ್ಷಗಟ್ಟಲೆ ಆ ಮೂಲೆಯಲ್ಲಿ ನಿಂತು, ಯಾವ ಕಾರು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ, ಯಾವ ಮಗು ಓಡಿಬಿಡುತ್ತದೆ ಎಂದು ಬಲ್ಲ ಮನುಷ್ಯ ಅವರು. ಅವರ ತಿಳಿವಳಿಕೆಗೆ ವರದಿಯಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ; ಕೊನೆಗೆ ಸಿಕ್ಕಿದ್ದು ಮೂರು ನಿಮಿಷ, ಅದೂ ಅವರಾಗಿಯೇ ಬಂದು ಕೇಳಿದ್ದರಿಂದ.

ಬಾರದೇ ಇದ್ದವರ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ರಾಜ್ಯದ ಕಾನೂನಿನ ಪ್ರಕಾರ ಇಂಥ ವಿಚಾರಣೆಯ ನೋಟಿಸನ್ನು ನಿವೇಶನದಿಂದ 300 ಅಡಿಯೊಳಗಿನ ಆಸ್ತಿಯ ಮಾಲೀಕರಿಗೆ ಕನಿಷ್ಠ 10 ದಿನ ಮೊದಲು ಕಳಿಸಬೇಕು. ಮಾಲೀಕರಿಗೆ ಎಂದರೆ ಮಾಲೀಕರಿಗೇ. ಹಿಂಬದಿಯ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿರುವ ಕುಟುಂಬಗಳ ಪರವಾಗಿ ನೋಟಿಸು ಹೋದದ್ದು ಕಟ್ಟಡದ ಒಡೆತನದ ಸಂಸ್ಥೆಗೆ. ಆ ಮಕ್ಕಳ ತಂದೆತಾಯಿಗೆ ಹೋಗಲಿಲ್ಲ. ಆ ಕಟ್ಟಡಗಳಲ್ಲಿ ನಮ್ಮ ಕನ್ನಡದ ಮನೆಗಳೂ ಇವೆ. ಗೊತ್ತಿದ್ದ ಒಬ್ಬರಿಬ್ಬರಿಗೆ ಸಭೆಗೆ ಬನ್ನಿ ಎಂದು ನಾನೇ ಹೇಳಿದ್ದೆ. ‘ನಾವು ಎಚ್-ಒನ್-ಬಿ ಕೆಲಸದ ವೀಸಾ ಮೇಲಿರೋರು, ಇಂಥದ್ದಕ್ಕೆಲ್ಲ ಹೋಗಿ ಹೆಸರು ಬರೆಸೋದು ಯಾಕೆ ಅಕ್ಕಾ’ ಎಂದ ತಮ್ಮನಂಥ ಹುಡುಗನನ್ನು ನಾನು ದೂರಲಾರೆ, ಅವನ ಭಯ ನನಗೆ ಅರ್ಥವಾಗುತ್ತದೆ. ಆದರೆ ಅವನಿಗೂ ಅವನಂಥ ಇತರರಿಗೂ ಇದು ತಿಳಿದಿರಲಿ: ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಆಡಳಿತದ ಸಭೆಗಳನ್ನು ತೆರೆದಿಡುವ ಬ್ರೌನ್ ಕಾಯ್ದೆ 1953ರಷ್ಟು ಹಳೆಯದು. ಸಭೆಯಲ್ಲಿ ಕೂರಲು ಹೆಸರು ಬರೆಸಲೇಬೇಕೆಂದು ಅದರ ಪ್ರಕಾರ ಯಾರೂ ಒತ್ತಾಯಿಸುವಂತಿಲ್ಲ. ಸಾರ್ವಜನಿಕರ ಮಾತು ಕೇಳುವಾಗ ನೀವು ಪ್ರಜೆಯೇ, ಮನೆಯ ಮಾಲೀಕರೇ ಎಂದು ವಿಂಗಡಿಸುವುದೂ ಇಲ್ಲ. ಮಗುವನ್ನು ಆ ರಸ್ತೆಯಲ್ಲಿ ಕಳಿಸುವ ತಂದೆಗೆ ಅಲ್ಲಿ ಮಾತಾಡುವ ಹಕ್ಕು ನನ್ನಷ್ಟೇ ಇದೆ. ನಮ್ಮವರು ಇಲ್ಲಿ ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುತ್ತಾರೆ, ಅದು ಸಂತೋಷದ ವಿಷಯ. ಅವರಲ್ಲಿ ನಾಲ್ಕು ಜನ ಆ ರಾತ್ರಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರೂ ಆಯೋಗಕ್ಕೆ ಆ ಅಪಾರ್ಟ್‌ಮೆಂಟುಗಳಲ್ಲಿ ಯಾರಿದ್ದಾರೆಂದು ಕಾಣುತ್ತಿತ್ತು.

ಕೊನೆಗೆ ಆಯೋಗವು ತೀರ್ಮಾನವನ್ನು ಮುಂದಿನ ತಿಂಗಳಿಗೆ ಮುಂದೂಡಿತು. ಶಾಲೆ ಬಿಡುವ ಹೊತ್ತಿನಲ್ಲಿ, ಬುಧವಾರವನ್ನೂ ಸೇರಿಸಿ, ಕಾಲ್ನಡಿಗೆಯವರನ್ನೂ ಸೈಕಲ್ಲಿನವರನ್ನೂ ಎಣಿಸಿ ತರಬೇಕೆಂದು ಅರ್ಜಿದಾರರಿಗೆ ಹೇಳಿದೆ. ಎಂಜಿನಿಯರ್ ತಕರಾರು ಮಾಡದೆ ಒಪ್ಪಿದರು. ನಾವು ಕೆಲವರು ವಿಚಾರಣೆಯ ದಿನಾಂಕ, ಸ್ಥಳಗಳನ್ನು ಇಂಗ್ಲಿಷ್, ಸ್ಪ್ಯಾನಿಷ್, ಹಿಂದಿ, ಕನ್ನಡಗಳಲ್ಲಿ ಬರೆದು, ನಿರ್ವಾಹಕರ ಅನುಮತಿ ಪಡೆದು, ಹಿಂಬದಿಯ ಅಪಾರ್ಟ್‌ಮೆಂಟುಗಳ ಬಟ್ಟೆ ಒಗೆಯುವ ಕೋಣೆಗಳಲ್ಲಿ ಅಂಟಿಸಲಿದ್ದೇವೆ. ಮುಂದಿನ ಸಭೆಯಲ್ಲಿ ನಾನು ಕೇಳಲಿರುವುದು ಇಷ್ಟೇ: ಸಣ್ಣ ರಸ್ತೆಯ ಕಡೆಯ ದಾರಿಯನ್ನು ನಕ್ಷೆಯಿಂದ ತೆಗೆದುಹಾಕಿ, ಕಾರುಗಳು ಮುಖ್ಯರಸ್ತೆಯಿಂದ ಮಾತ್ರ ಬಂದು ಹೋಗಲಿ, ಸಾಲು ಕಾಲುದಾರಿಗೆ ಬಂದರೆ ಆ ಹೊತ್ತಿಗೆ ಡ್ರೈವ್-ಥ್ರೂ ನಿಲ್ಲಿಸಬೇಕೆಂಬ ಷರತ್ತು ಪರವಾನಗಿಯಲ್ಲೇ ಇರಲಿ. ಆ ದಾರಿಯಿಲ್ಲದೆ ವ್ಯಾಪಾರ ನಡೆಯುವುದಿಲ್ಲವೆಂದು ಅರ್ಜಿದಾರರು ಹೇಳಿದರೆ, ಆ ಮೂಲೆಯಲ್ಲಿ ಡ್ರೈವ್-ಥ್ರೂಗೆ ಪರವಾನಗಿ ಕೊಡಬಾರದು.