ಕೆಲಸಕ್ಕೆ ಕೂತಾಗಲೇ ಹೋಗುವ ನೆಟ್

ರಾತ್ರಿ ಊಟ ಮುಗಿಸಿ ಹಾಸಿಗೆಯ ಮೇಲೆ ಬಿದ್ದುಕೊಂಡು ಯಕ್ಷಗಾನದ ವಿಡಿಯೋ ನೋಡಿದರೆ ಒಂದು ಸಲವೂ ನಿಲ್ಲುವುದಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ಸುದ್ದಿ ಓದುವಾಗಲೂ ತಕರಾರಿಲ್ಲ. ಹತ್ತು ಗಂಟೆಗೆ ಅದೇ ಲ್ಯಾಪ್‌ಟಾಪ್ ತೆರೆದು ಕೆಲಸಕ್ಕೆ ಕೂತೆನೋ, ಅರ್ಧ ಗಂಟೆಯೊಳಗೆ ವೈಫೈ ಕೈಕೊಟ್ಟಿತೆಂದೇ ಲೆಕ್ಕ. "ಕೆಲಸ ಇದ್ದಾಗಲೇ ಇದರ ಹಣೆಬರಹ" ಎಂದು ಸಿಕ್ಕಿದವರ ಹತ್ತಿರವೆಲ್ಲ ಗೊಣಗುತ್ತಿದ್ದೆ. ಕೇಳಿದವರೂ ತಮ್ಮ ಮನೆಯ ಕಥೆ ಅದೇ ಎಂದು ತಲೆಯಾಡಿಸುತ್ತಿದ್ದರು. ಆ ಗೊಣಗಾಟದಲ್ಲೇ ಉತ್ತರ ಇದೆ ಎಂದು ಹೊಳೆಯಲು ಮೂರು ವಾರ ಬೇಕಾಯಿತು.

ಶಿರಸಿ ಪೇಟೆಯಿಂದ ಒಳಗೆ ಹದಿನೈದು ಕಿಲೋಮೀಟರ್, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ನಮ್ಮ ಮನೆ. ಕೊರೋನಾ ಕಾಲಕ್ಕೆ ಬೆಂಗಳೂರಿನಿಂದ ಬ್ಯಾಗು ಹೊತ್ತು ಬಂದವನು ಮತ್ತೆ ವಾಪಸು ಹೋಗಲೇ ಇಲ್ಲ. ತರಬೇತಿ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಹೊಟ್ಟೆಪಾಡು. ಊರಿಗೆ ಫೈಬರ್ ಬಂದಿದ್ದರಿಂದ ಇದು ಸಾಧ್ಯವಾಯಿತು. ರೌಟರ್ ಜಗಲಿಯಲ್ಲಿದೆ, ಸ್ವಿಚ್ ಬೋರ್ಡಿನ ಪಕ್ಕ, ಇನ್ವರ್ಟರಿಗೆ ಹತ್ತಿರವಾಗಲಿ ಎಂದು. ನಾನು ಕೂರುವುದು ನಡುಮನೆ ದಾಟಿ ಹಿಂದಿನ ಕೋಣೆಯಲ್ಲಿ. ನಡುವೆ ಅಜ್ಜನ ಕಾಲದ ಎರಡು ಮಣ್ಣಿನ ಗೋಡೆ, ಒಂದೊಂದೂ ಮೊಳದಷ್ಟು ದಪ್ಪ. ಒಂದು ಗೋಡೆಗೆ ಆತುಕೊಂಡು ಆಯಿಯ ಸೀರೆಗಳು ತುಂಬಿದ ಕಬ್ಬಿಣದ ಬೀರು.

ನೆಟ್ ಹೋದಾಗಲೆಲ್ಲ ನನ್ನ ಬಾಯಿಂದ ಹೊರಡುವ ಒಂದು ಶಬ್ದವಿದೆ. ಅದು ಅಡುಗೆಮನೆಗೆ ಕೇಳುತ್ತದೆ.

"ಎಂತ ಆತೋ ತಮಾ, ಮತ್ತೆ ಹೋತಾ? ಮೋಡ ಇದ್ದಲ, ಅದಕ್ಕೇ ಆಗಿಕ್ಕು" ಎಂದು ಆಯಿ ಅಲ್ಲಿಂದಲೇ ಕೂಗುತ್ತಿದ್ದಳು. ಜುಲೈ ತಿಂಗಳ ಶಿರಸಿಯಲ್ಲಿ ಮೋಡ ಇಲ್ಲದ ದಿನ ಯಾವುದು? ಹಾಗಾಗಿ ಆ ವಾದವನ್ನು ಸುಳ್ಳು ಮಾಡಲೂ ಆಗುತ್ತಿರಲಿಲ್ಲ.

ಫೈಬರ್ ನೋಡಿಕೊಳ್ಳುವ ಹುಡುಗನಿಗೆ ಮೂರು ಸಲ ಫೋನ್ ಮಾಡಿದೆ. ಪಾಪ, ಮಳೆಯಲ್ಲಿ ಬೈಕ್ ಹತ್ತಿ ಬಂದ. ತಂತಿಯ ತುದಿ ಬಿಚ್ಚಿ ಅಂಗೈಯಗಲದ ಮೀಟರಿಗೆ ಸಿಕ್ಕಿಸಿ, ತಂತಿಯಲ್ಲಿ ಬರುವ ಬೆಳಕಿನ ಬಲ ತೋರಿಸಿದ: ಮೈನಸ್ 21. "ಲೈನ್ ಚಲೋ ಇದೆ ಸರ್, ಇಪ್ಪತ್ತೇಳರ ಆಚೆ ಹೋದರೆ ಮಾತ್ರ ತೊಂದರೆ" ಎಂದ. ರೌಟರಿನಲ್ಲಿ ಕೆಂಪು ದೀಪವೂ ಇರಲಿಲ್ಲ. ತನ್ನ ಮೊಬೈಲಿನಲ್ಲೇ ಒಂದು ವಿಡಿಯೋ ಹಾಕಿದ, ನಿಲ್ಲದೆ ಓಡಿತು. "ನಿಮ್ಮ ಲ್ಯಾಪ್‌ಟಾಪಿಂದೇ ಏನೋ ಇರಬೇಕು" ಎಂದು ಹೇಳಿ, ಆಯಿ ಕೊಟ್ಟ ಕಷಾಯ ಕುಡಿದು ಹೋದ. ತಮ್ಮ ಮೇಲೆ ಬರುವುದನ್ನು ಇನ್ನೊಬ್ಬರ ಮೇಲೆ ಹಾಕುವುದು ಈ ಕಸುಬಿನವರ ಮೊದಲ ಪಾಠ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಬೈದದ್ದು ತಪ್ಪು ಎಂದು ಮರುದಿನವೇ ಗೊತ್ತಾಯಿತು. ಪಕ್ಕದ ಮನೆಯ ಮಾಣಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಂದಿದ್ದ. ನನ್ನ ದೂರನ್ನೆಲ್ಲ ಕೇಳಿಸಿಕೊಂಡು, "ಅಣ್ಣಾ, ಮೊದಲು ರೌಟರಿಗೇ ಪಿಂಗ್ ಹೊಡಿ" ಎಂದ. ಅಲ್ಲಿಯತನಕ ನಾನು ಮಾಡುತ್ತಿದ್ದುದು ವೇಗ ಅಳೆಯುವ ಪುಟ ತೆರೆದು ಅದರ ಮುಳ್ಳು ನೋಡಿ ನಿಟ್ಟುಸಿರು ಬಿಡುವುದಷ್ಟೇ. ಆ ಮುಳ್ಳು ಇಡೀ ದಾರಿಯನ್ನು ಒಟ್ಟಿಗೆ ಅಳೆಯುತ್ತದೆ, ನಮ್ಮ ಕೋಣೆಯಿಂದ ಜಗಲಿ, ಜಗಲಿಯಿಂದ ಶಿರಸಿ, ಅಲ್ಲಿಂದ ಎಲ್ಲಿಗೋ. ಎಲ್ಲಿ ಸಿಕ್ಕಿಕೊಂಡಿತು ಎಂದು ಹೇಳುವುದಿಲ್ಲ. ಪಿಂಗ್ ಹಾಗಲ್ಲ. ಲ್ಯಾಪ್‌ಟಾಪಿನಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಪಿಂಗ್ ಎಂದು ಬರೆದು ರೌಟರಿನ ವಿಳಾಸ, ನಮ್ಮದರಲ್ಲಿ 192.168.1.1, ಕೊಟ್ಟರೆ ಲ್ಯಾಪ್‌ಟಾಪು "ಇದ್ದೀಯಾ?" ಎಂದು ಕೂಗುತ್ತದೆ, ರೌಟರು "ಇದ್ದೇನೆ" ಎನ್ನುತ್ತದೆ. ಓಗೊಡಲು ಎಷ್ಟು ಮಿಲಿಸೆಕೆಂಡ್ ಆಯಿತು ಎಂಬುದು ಸಾಲು ಸಾಲಾಗಿ ಬೀಳುತ್ತದೆ.

2, 3, 2, 2, 4. ಸುಮಾರು ಹೊತ್ತು ಹೀಗೇ ನಡೆಯಿತು. ಆಮೇಲೆ ಒಮ್ಮೆಲೇ 640, 1180, ನಂತರ ಉತ್ತರವೇ ಇಲ್ಲ. ಅಂದರೆ ಸದ್ದು ಜಗಲಿಯನ್ನೇ ಮುಟ್ಟುತ್ತಿರಲಿಲ್ಲ. ಶಿರಸಿ, ಬೆಂಗಳೂರು, ಸಮುದ್ರದಡಿಯ ತಂತಿ, ಯಾರದೂ ತಪ್ಪಿಲ್ಲ. ಏನಿದ್ದರೂ ನಮ್ಮ ಮನೆಯೊಳಗಿನ ನಲವತ್ತು ಅಡಿಯಲ್ಲೇ. ಫೈಬರಿನ ಹುಡುಗನ ಬಗ್ಗೆ ಅಂದುಕೊಂಡಿದ್ದನ್ನು ಅಲ್ಲೇ ವಾಪಸು ತೆಗೆದುಕೊಂಡೆ.

ಸರಿ, ಗೋಡೆಯದೇ ಕಿತಾಪತಿ ಎಂದುಕೊಂಡೆ. ಮೊಬೈಲಿನಲ್ಲಿ ಸಿಗ್ನಲ್ ಅಳೆಯುವ ಒಂದು ಆಪ್ ಹಾಕಿಕೊಂಡು, ದೇವರಿಗೆ ಆರತಿ ಹಿಡಿದಂತೆ ಹಿಡಿದು ಮನೆಯೆಲ್ಲ ಸುತ್ತಿದೆ. ಜಗಲಿಯಲ್ಲಿ ಮೈನಸ್ 45 ಡಿಬಿಎಂ (ಸಿಗ್ನಲ್ಲಿನ ಬಲ ಅಳೆಯುವ ಮಾನ), ನನ್ನ ಮೇಜಿನ ಮೇಲೆ ಮೈನಸ್ 72. ಇದರ ಲೆಕ್ಕ ವಿಚಿತ್ರದ್ದು. ಮೂರು ಇಳಿದರೆ ಶಕ್ತಿ ಅರ್ಧವಾಯಿತು ಎಂದರ್ಥ. ಇಪ್ಪತ್ತೇಳು ಇಳಿದರೆ ಒಂಬತ್ತು ಸಲ ಅರ್ಧ ಮಾಡಿದಂತೆ, ಅಂದರೆ ಐನೂರರಲ್ಲಿ ಒಂದು ಪಾಲು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಮೈನಸ್ 72 ಬಡತನವೇ ಹೊರತು ಉಪವಾಸವಲ್ಲ, ವಿಡಿಯೋ ನೋಡಲು ಅಷ್ಟು ಸಾಕು. ರಾತ್ರಿ ಯಕ್ಷಗಾನ ಬರುವುದೂ ಅದೇ ಕೋಣೆಗೇ ಅಲ್ಲವೇ? ಈ ಪ್ರಶ್ನೆ ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳುವ ಬದಲು ಬೀರುವನ್ನು ಎರಡಡಿ ಸರಿಸಿದೆ. ಸರಿಸುವಾಗ ಅದರ ಹಿಂದೆ ಸಿಕ್ಕ ಜೇಡರ ಬಲೆ, ಸತ್ತ ಹಲ್ಲಿ ಮತ್ತು ಆಯಿಯ ಕಳೆದುಹೋಗಿದ್ದ ಸೂಜಿಡಬ್ಬಿ, ಇಷ್ಟೇ ಆ ದಿನದ ಲಾಭ.

ಆಮೇಲೆ ಒಂದೊಂದೇ ಮದ್ದು. ರೌಟರು 5 ಗಿಗಾಹರ್ಟ್ಸಿನಲ್ಲೂ ಕೊಡುತ್ತದೆ, ಅದಕ್ಕೆ ಬದಲಿಸಿದೆ. ಎರಡು ಮಣ್ಣಿನ ಗೋಡೆ ದಾಟುವಷ್ಟರಲ್ಲಿ ಅದರ ಉಸಿರು ನಿಂತಿತ್ತು. ಕಂಪನ ಹೆಚ್ಚಾದಷ್ಟೂ ಗೋಡೆ ತೂರುವ ತ್ರಾಣ ಕಡಿಮೆ, ಅದರಲ್ಲೂ ಮಳೆಗಾಲದ ಥಂಡಿ ಗೋಡೆ. ಮತ್ತೆ ಮೊದಲಿನ 2.4 ಗಿಗಾಹರ್ಟ್ಸಿಗೇ ಬಂದೆ. ಚಾನೆಲ್, ಅಂದರೆ ಆ 2.4ರೊಳಗಿನ ಓಣಿ, ಬದಲಿಸು ಎಂದು ಬೆಂಗಳೂರಿನ ಗೆಳೆಯ ಹೇಳಿದ. ಅಲ್ಲಿನ ಮಟ್ಟಿಗೆ ಅದು ಸರಿಯಾದ ಸಲಹೆ. ನಾನಿದ್ದ ಫ್ಲಾಟಿನಲ್ಲಿ ವೈಫೈ ಪಟ್ಟಿ ತೆರೆದರೆ ಮೂವತ್ತು ಮನೆಗಳ ಹೆಸರು ಬರುತ್ತಿದ್ದವು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು 1, 6, 11 ಮೂರೇ, ಮೂವತ್ತು ಮನೆಯವರೂ ಅಲ್ಲೇ ತಳ್ಳಾಡಬೇಕು. ಮೇಲಿಂದ ಯಾರದೋ ಅಡುಗೆಮನೆಯ ಮೈಕ್ರೋವೇವ್ ಒಲೆ, ಅದು ಕೆಲಸ ಮಾಡುವುದೂ 2.45ರ ಆಸುಪಾಸಿನಲ್ಲೇ. ಇಲ್ಲಿ ನನ್ನ ಪಟ್ಟಿಯಲ್ಲಿರುವುದು ಒಂದೇ ಹೆಸರು, ನಮ್ಮದು. ಇಡೀ ಆಕಾಶ ನನಗೊಬ್ಬನಿಗೇ ಬರೆದುಕೊಟ್ಟಿದ್ದಾರೆ, ಆದರೂ ಜಾಗ ಸಾಲುತ್ತಿಲ್ಲ!

ಡಿವೈಸ್ ಮ್ಯಾನೇಜರಿಗೆ ಹೋಗಿ, ವಿದ್ಯುತ್ ಉಳಿಸಲು ವೈಫೈ ಕಾರ್ಡನ್ನು ಮಲಗಿಸಬಹುದು ಎಂಬಲ್ಲಿದ್ದ ಟಿಕ್ ತೆಗೆದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಪಿಂಗ್ ಸರಿಯಾಯಿತು. ಗೆದ್ದೆ ಎಂದುಕೊಂಡು ಕೆಲಸಕ್ಕೆ ಕೂತೆ, ಹೋಯಿತು. ಆ ಕಾರ್ಡನ್ನು ನಡೆಸುವ ತಂತ್ರಾಂಶ, ಡ್ರೈವರ್, ತೆಗೆದು ಹೊಸದು ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಸರಿಯಾಯಿತು. ಕೂತೆ, ಹೋಯಿತು. ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕಿದೆ, ಅದೇ ಕಥೆ. ಎಲ್ಲ ಔಷಧಿಯೂ ಹತ್ತು ನಿಮಿಷ ನಾಟುತ್ತಿತ್ತು. ಯಾವುದೂ ಕೆಲಸ ಮಾಡದಿದ್ದರೆ ಸುಮ್ಮನಾಗಿಬಿಡುತ್ತಿದ್ದೆನೋ ಏನೋ, ಹತ್ತು ನಿಮಿಷದ ಈ ಗುಣವೇ ನನ್ನನ್ನು ಮತ್ತೆ ಮತ್ತೆ ಅಡ್ಡದಾರಿಗೆ ಎಳೆಯಿತು.

ಇದರ ನಡುವೆ ಮೌಸ್ ಒಂದು ಬೇರೆ ಕಾಟ. ವೈರ್ ಇಲ್ಲದ ಮೌಸ್, ಉಗುರಿನಷ್ಟು ದೊಡ್ಡ ಡಾಂಗಲ್ ಲ್ಯಾಪ್‌ಟಾಪಿಗೆ ಚುಚ್ಚುವಂಥದ್ದು. ಬಾಣದ ಗುರುತು ತಡವರಿಸುತ್ತ, ಕುಂಟುತ್ತ ಹೋಗುತ್ತಿತ್ತು. ಸೆಲ್ ಬದಲಿಸಿದೆ. ಮೇಜು ಹಳೇ ಹಲಸಿನ ಹಲಗೆಯದ್ದು, ಅದರ ನುಣುಪಿಗೆ ಹೀಗಾಗುತ್ತದೆಂದು ಒಂದು ಪುಸ್ತಕ ಇಟ್ಟು ಅದರ ಮೇಲೆ ಓಡಿಸಿದೆ. ವೈಫೈಗೂ ಇದಕ್ಕೂ ಸಂಬಂಧ ಕಲ್ಪಿಸುವ ಬುದ್ಧಿ ಮಾತ್ರ ಬರಲಿಲ್ಲ.

ಒಂದು ಸೋಮವಾರ ಹನ್ನೊಂದು ಗಂಟೆಗೆ ಬೆಂಗಳೂರಿನವರ ಜೊತೆ ವಿಡಿಯೋ ಕಾಲ್ ಇತ್ತು. ಅದು ತಪ್ಪುವಂತಿರಲಿಲ್ಲ. ಹಿಂದಿನ ಕೋಣೆಯ ಸಹವಾಸವೇ ಬೇಡ ಎಂದು ಲ್ಯಾಪ್‌ಟಾಪು, ಮೌಸು, ಹಾರ್ಡ್ ಡಿಸ್ಕು ಎಲ್ಲ ಬಾಚಿಕೊಂಡು ಜಗಲಿಗೆ ಬಂದು ರೌಟರಿನ ಬುಡದಲ್ಲೇ ಮಣೆ ಹಾಕಿ ಕೂತೆ. ಮೂರಡಿಯೂ ಅಂತರವಿಲ್ಲ. ಅಪ್ಪಯ್ಯ ಅಲ್ಲೇ ಕಂಬಕ್ಕೆ ಒರಗಿ ಕವಳದ ಬಟ್ಟಲು ಎಳೆದುಕೊಂಡು ಎಲೆಗೆ ಸುಣ್ಣ ಸವರುತ್ತಿದ್ದ. ಪಿಂಗ್ ಕಿಟಕಿ ಮೂಲೆಯಲ್ಲಿ ತೆರೆದಿಟ್ಟಿದ್ದೆ. 2, 2, 2. ಮಾತು ಸುಸೂತ್ರ ನಡೆಯಿತು. ಯಾವುದೋ ವಿಡಿಯೋದ ಕಡತ ತೋರಿಸು ಎಂದರು. ಅದು ಹಾರ್ಡ್ ಡಿಸ್ಕಿನಲ್ಲಿತ್ತು. ಚುಚ್ಚಿದೆ, ಕಡತ ತೆರೆದೆ. ಎದುರಿನವರು ಬಾಯಿ ತೆರೆದದ್ದು ತೆರೆದಂತೆಯೇ ನಿಂತರು. ಪಿಂಗ್ 900 ದಾಟಿ ಮಾಯವಾಯಿತು. ಮೌಸಿನ ಬಾಣ ಕುಪ್ಪಳಿಸತೊಡಗಿತು. ಸಿಗ್ನಲ್ಲಿನ ಗೆರೆ ಮಾತ್ರ ಪೂರ್ತಿ, ನಗುತ್ತ ಕೂತಿತ್ತು.

ನನ್ನ ಬಾಯಿಂದ ಅದೇ ಶಬ್ದ ಹೊರಟಿತು. ಅಪ್ಪಯ್ಯ ಕವಳ ಬಾಯಿಗೆ ಹಾಕಿಕೊಳ್ಳುವ ಮೊದಲು, "ಆ ಕಪ್ಪು ಡಬ್ಬಿ ಚುಚ್ಚಿದ ಮೇಲೇ ಹೋತಲೋ" ಎಂದ. ಅಷ್ಟೇ. ಆಮೇಲೆ ಅವನ ಬಾಯಿ ತುಂಬಿತು, ಅರ್ಧ ಗಂಟೆ ಮಾತಿಲ್ಲ.

ಡಬ್ಬಿ ಕಿತ್ತೆ. 2, 3, 2. ಚುಚ್ಚಿದೆ, 700. ಕಿತ್ತೆ, 2. ಎಂಟು ಸಲ ಹೀಗೇ ಮಾಡಿದೆ, ಚಿಕ್ಕ ಮಕ್ಕಳು ದೀಪದ ಸ್ವಿಚ್ ಆಡಿಸುವ ಹಾಗೆ. ಕೆಲಸಕ್ಕೆ ಕೂತಾಗಲೇ ಯಾಕೆ ಹೋಗುತ್ತದೆ ಎಂದರೆ ಕೆಲಸದ ಕಡತಗಳೆಲ್ಲ ಇರುವುದು ಆ ಡಿಸ್ಕಿನಲ್ಲಿ. ರಾತ್ರಿ ಯಕ್ಷಗಾನಕ್ಕೆ ಅದು ಬೇಕಾಗಿಲ್ಲ, ಕಿತ್ತಿಟ್ಟಿರುತ್ತೇನೆ. ಪ್ರತಿ ಔಷಧಿಯೂ ಹತ್ತು ನಿಮಿಷ ನಾಟಿದ್ದು ಯಾಕೆ? ರೀಸ್ಟಾರ್ಟ್ ಮಾಡುವ ಮೊದಲು ಡಿಸ್ಕ್ ಕೀಳುತ್ತಿದ್ದೆ. ಪಿಂಗ್ ನೋಡಿ ಖುಷಿಪಟ್ಟು, ಚಹಾ ಕುಡಿದು ಬಂದು ಮತ್ತೆ ಚುಚ್ಚುತ್ತಿದ್ದೆ. ಪರೀಕ್ಷೆ ಮಾಡುವಾಗಲೆಲ್ಲ ಕಳ್ಳನನ್ನು ಹೊರಗೆ ಕಳಿಸಿ, ಮನೆಯಲ್ಲಿ ಕಳ್ಳನಿಲ್ಲ ಎಂದು ಬರೆದುಕೊಳ್ಳುತ್ತಿದ್ದೆ.

ಇದು ನನ್ನೊಬ್ಬನ ಮನೆಯ ವಿಚಿತ್ರವೂ ಆಗಿರಲಿಲ್ಲ. ಇಂಟೆಲ್‌ನವರು 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿದ್ದಾರೆ. ಒಳಗೆ ನೀಲಿ ಬಣ್ಣವಿರುವ ಯುಎಸ್‌ಬಿ ತೂತು ಸಾಮಾನ್ಯವಾಗಿ 3.0 ಬಗೆಯದ್ದು. ಅದರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಓಡುತ್ತದೆ. ಆ ಓಟದಿಂದ ಏಳುವ ರೇಡಿಯೋ ಗದ್ದಲ ಒಂದೇ ಕಡೆ ನಿಲ್ಲದೆ ಅಗಲಕ್ಕೆ ಹರಡುತ್ತದೆ, 2.4 ಗಿಗಾಹರ್ಟ್ಸಿನ ಇಡೀ ಕೇರಿಯನ್ನು ಮುಳುಗಿಸಿಕೊಂಡು. ಕೇಬಲ್ಲಿಗೆ, ಡಿಸ್ಕಿನ ಕವಚಕ್ಕೆ ಲೋಹದ ಹೊದಿಕೆ ಸರಿಯಿಲ್ಲದಿದ್ದರೆ ಅದು ಹೊರಗೆ ಸೋರುತ್ತದೆ. ಅವರ ಅಳತೆಯಲ್ಲಿ ಡಿಸ್ಕ್ ಸಿಕ್ಕಿಸಿದಾಗ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್ ಏರಿತ್ತು, ಅಂದರೆ ನೂರು ಪಟ್ಟು. ಲ್ಯಾಪ್‌ಟಾಪಿನ ವೈಫೈ ಆಂಟೆನಾ ಸಾಮಾನ್ಯವಾಗಿ ಪರದೆಯ ಚೌಕಟ್ಟಿನಲ್ಲಿರುತ್ತದೆ, ನನ್ನ ಡಿಸ್ಕು ಕೂರುತ್ತಿದ್ದುದು ಅದರ ಬೆನ್ನಿಗೇ. ಮೌಸಿನ ಡಾಂಗಲ್ ಪಕ್ಕದ ತೂತಿನಲ್ಲಿ. ಅದೂ 2.4ರದ್ದೇ ಆದ್ದರಿಂದ ಅದೂ ಕಿವುಡಾಯಿತು.

ಸಿಗ್ನಲ್ ಗೆರೆ ಪೂರ್ತಿ ಇದ್ದೂ ನೆಟ್ ಇಲ್ಲದ ಒಗಟು ಆಗ ಬಿಡಿಸಿಕೊಂಡಿತು. ಆ ಗೆರೆ ಹೇಳುವುದು ರೌಟರು ಎಷ್ಟು ಜೋರಾಗಿ ಮಾತಾಡುತ್ತಿದೆ ಎಂಬುದನ್ನು. ಕೇಳಿಸಿಕೊಳ್ಳುವವನ ಕಿವಿ ಪಕ್ಕ ಯಾರಾದರೂ ಚಂಡೆ ಬಾರಿಸುತ್ತಿದ್ದಾರೋ ಎಂಬುದನ್ನು ಅದು ಹೇಳುವುದಿಲ್ಲ. ಯಕ್ಷಗಾನದ ಆಟದಲ್ಲಿ ರಂಗಸ್ಥಳದ ಬಲಗಡೆ, ಚಂಡೆಯವನ ಬುಡದಲ್ಲಿ ಕೂತು, ಪಕ್ಕದವನ ಹತ್ತಿರ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ ನೋಡಿದವರಿಗೆ ಇದು ಗೊತ್ತು.

ಅನುಮಾನ ಪೂರ್ತಿ ತೀರಲಿ ಎಂದು ಇನ್ನೊಂದು ಪರೀಕ್ಷೆ. ಹಾರ್ಡ್ ಡಿಸ್ಕಿನ ತೂತು ಅಗಲವಾಗಿ ಎರಡು ಭಾಗವಿದ್ದಂತೆ ಕಾಣುತ್ತದಲ್ಲ, ಅದರ ದೊಡ್ಡ ಭಾಗಕ್ಕೆ ಹಳೇ ಮೊಬೈಲಿನ ಚಾರ್ಜರ್ ಕೇಬಲ್ ಸರಿಯಾಗಿ ಕೂರುತ್ತದೆ. ಆ ಕೇಬಲ್ಲಿನಲ್ಲಿ 3.0ರ ತಂತಿಗಳೇ ಇಲ್ಲ. ಹಾಗಾಗಿ ಡಿಸ್ಕು ಹಳೇ 2.0 ನಡಿಗೆಗೆ, ಸೆಕೆಂಡಿಗೆ 480 ಮೆಗಾಬಿಟ್ಟಿಗೆ ಇಳಿಯುತ್ತದೆ. ಆಯಿಯ ಡಬ್ಬದಿಂದ ಅಂಥದ್ದೊಂದು ಹುಡುಕಿ ತಂದು ಸಿಕ್ಕಿಸಿದೆ. ಡಿಸ್ಕು ತಿರುಗಿತು, ಕಡತ ತೆರೆಯಿತು, ಪಿಂಗ್ 2, ಮೌಸು ಬೆಣ್ಣೆಯ ಮೇಲೆ ಜಾರಿದಂತೆ. ಅದೇ ಡಿಸ್ಕು, ಅದೇ ತೂತು, ಕೇಬಲ್ ಒಂದು ಬೇರೆ.

ಹಾಗೆಂದು ಅದೇ ಕೇಬಲ್ಲಿನಲ್ಲಿ ಕೆಲಸ ಮಾಡುವುದು ನನ್ನಿಂದಾಗದ ಮಾತು. ಆರು ನಿಮಿಷದಲ್ಲಿ ಮುಗಿಯುತ್ತಿದ್ದ 40 ಜಿಬಿ ನಕಲು ಇಪ್ಪತ್ತು ನಿಮಿಷ ಎಳೆಯಿತು. ಬುಧವಾರ ಶಿರಸಿಗೆ ಹೋದಾಗ ದಪ್ಪ ಹೊದಿಕೆಯ, ಒಂದು ಮೀಟರ್ ಉದ್ದದ 3.0 ಕೇಬಲ್ ತಂದೆ. ಅಂಗಡಿಯವನಿಗೆ ಯಾಕೆ ಎಂದು ವಿವರಿಸಲು ಹೋಗಿ, ಅವನ ಮುಖ ನೋಡಿ ಅರ್ಧಕ್ಕೇ ಬಿಟ್ಟೆ. ಡಿಸ್ಕ್ ಈಗ ಕಿಟಕಿಯ ಕಟ್ಟೆಯ ಮೇಲೆ, ಆಂಟೆನಾದಿಂದ ದೂರ. ಡಾಂಗಲ್ ಲ್ಯಾಪ್‌ಟಾಪಿನ ಇನ್ನೊಂದು ಮಗ್ಗುಲಿಗೆ. ಮತ್ತೆ ಹಿಂದಿನ ಕೋಣೆಗೇ ಬಂದೆ, ಮೈನಸ್ 72ರಲ್ಲೇ. ಬೀರು ಸರಿಸಿದಲ್ಲೇ ಇದೆ. ವಾಪಸು ತಳ್ಳಲು ಇಬ್ಬರು ಬೇಕು, ಮಾಣಿ ಹುಬ್ಬಳ್ಳಿಗೆ ಹೋದ.

ಒಂಬತ್ತು ದಿನ ಒಂದು ಸಲವೂ ನೆಟ್ ಹೋಗಲಿಲ್ಲ. ಹತ್ತನೇ ದಿನ ಮಧ್ಯಾಹ್ನ ಜೋರು ಗಾಳಿಮಳೆಗೆ ಎಲ್ಲ ನಿಂತಿತು. ಡಿಸ್ಕ್ ಕಿತ್ತೆ, ಬರಲಿಲ್ಲ. ಪಿಂಗ್ ನೋಡಿದೆ, ಜಗಲಿಯತನಕ 2. ರೌಟರಿನ ಹತ್ತಿರ ಹೋದೆ, ಕೆಂಪು ದೀಪ. "ಮೋಡಕ್ಕೇ ಆಗಿಕ್ಕು" ಎಂದಳು ಆಯಿ. ಅಂಗಳಕ್ಕೆ ಇಳಿದು ನೋಡಿದರೆ ದಣಪೆಯ (ಬೇಲಿಬಾಗಿಲ) ಹತ್ತಿರದ ಹಲಸಿನ ಮರ ಫೈಬರ್ ತಂತಿಯನ್ನು ಅಡಿಗೆ ಹಾಕಿಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ಹುಡುಗನಿಗೆ ಫೋನ್ ಮಾಡಿದೆ. ಈ ಸಲ ಅವನಿಗೆ ಮೀಟರ್ ತರುವ ಅಗತ್ಯವಿಲ್ಲ, ಕತ್ತಿ ತಂದರೆ ಸಾಕು ಎಂದೆ.