ನಲ್ಲಿ ನೀರು, ಇಸ್ಪೀಟ್ ಎಲೆ ಮತ್ತು ಬಾಜೂ ಮನೆ ಕಾಕು

ಮೇ ತಿಂಗಳ ಕಲಬುರಗಿ. ಬೆಳಿಗ್ಗೆ ಹನ್ನೊಂದಕ್ಕೇ ಗೋಡೆ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯ ಮಾಳಿಗೆ ಕೋಣೆಯಲ್ಲಿ ನಾವು ನಾಲ್ಕು ಜನ ಶಹಾಬಾದ್ ಪರಸಿ ಮೇಲೆ ಕೂತು ಇಸ್ಪೀಟ್ ಎಲೆ ಹಿಡಿದಿದ್ದೆವು. ಬಾಡಿಗೆ ಕೇಳಲು ಬಂದ ಮನೆ ಮಾಲೀಕರು ಬಾಗಿಲಲ್ಲೇ ನಿಂತುಬಿಟ್ಟರು. “ಕಂಪನಿ ಮಾಡ್ತೀವಿ ಅಂದ್ರಿ. ಎಲಿ ಆಡ್ಲಾಕತ್ತೀರಲ್ಲ!”

ಇದು ಆಟವಲ್ಲ, ಅಂದಾಜು ಅಂದರೆ ಯಾರು ನಂಬುತ್ತಾರೆ? ಕೆಲಸವನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದುತ್ತ ಹೋಗುವ ಅಜೈಲ್ ಪದ್ಧತಿಯಲ್ಲಿ ಪ್ಲಾನಿಂಗ್ ಪೋಕರ್ ಅಂತ ಒಂದಿದೆ. ಒಂದು ಕೆಲಸ ಎಷ್ಟು ದೊಡ್ಡದು ಅಂತ ಎಲ್ಲರೂ ಒಟ್ಟಿಗೇ ಎಲೆ ತೋರಿಸಬೇಕು. ಒಬ್ಬ ಮೊದಲೇ ಬಾಯಿ ಬಿಟ್ಟರೆ ಉಳಿದವರು ಅವನಿಗೇ ಹೂಂಗುಟ್ಟುತ್ತಾರೆ, ಅದಕ್ಕೆ. ನಾವು ಇಟ್ಟುಕೊಂಡ ಅಂಕಿ 1, 2, 3, 5, 8, 13. ಇದಕ್ಕೆಂದೇ ಎಲೆಗಳು ಆನ್‌ಲೈನಲ್ಲಿ ಸಿಗುತ್ತವೆ, ನಮಗೆ ಸುಮ್ನೆ ದಂಡ ಅನ್ನಿಸಿತು. ಇಸ್ಪೀಟಲ್ಲಿ ಎಕ್ಕ 1, ರಾಜ 13. ಬಣ್ಣ ನಾಲ್ಕು, ನಾವೂ ನಾಲ್ವರು. ನನ್ನ ಪಾಲಿಗೆ ಕಳಾವರ್ ಬಂದಿತ್ತು.

ಮಾಡಲು ಹೊರಟಿದ್ದು ಒಂದು ಸಣ್ಣ ಡಬ್ಬಿ. ನಮ್ಮ ಗಲ್ಲಿಯಲ್ಲಿ ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು. ನಡುರಾತ್ರಿ ಬಂದು ಬೆಳಗಾಗೋದರೊಳಗೆ ನಿಂತದ್ದೂ ಇದೆ. ನೀರು ಬಂದ ಕೂಡಲೇ ಡಬ್ಬಿ ವೈಫೈ ಮೂಲಕ ಫೋನಿಗೆ ಸುದ್ದಿ ಕಳಿಸಬೇಕು. ಗೋಡೆ ತುಂಬ ಹಳದಿ ಚೀಟಿ ಅಂಟಿಸಿದೆವು: ಆ್ಯಪಿನಲ್ಲಿ ಗ್ರಾಫ್, ತಿಂಗಳ ಲೆಕ್ಕ, ಮೂರು ಭಾಷೆ. ಸುಣ್ಣದ ಗೋಡೆಗೆ ಚೀಟಿ ನಿಲ್ಲಲಿಲ್ಲ. ಫ್ಯಾನ್ ಹಾಕಿದರೆ ನಮ್ಮ ಬ್ಯಾಕ್‌ಲಾಗ್, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ, ಅಷ್ಟೂ ನೆಲಕ್ಕೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಹಿಮದ ಬೆಟ್ಟದ ಮೇಲೆ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅವರಿಗೆ ಫ್ಯಾನಿನ ಚಿಂತೆ ಇರಲಿಲ್ಲ ಬಿಡಿ.

ಕೆಲಸದ ಒಂದೊಂದು ಕಂತಿಗೆ ಸ್ಪ್ರಿಂಟ್ ಅನ್ನುತ್ತಾರೆ, ನಾವು ಅದನ್ನು ಎರಡು ವಾರ ಅಂತ ಇಟ್ಟುಕೊಂಡೆವು. ದಿನಾ ಬೆಳಿಗ್ಗೆ 15 ನಿಮಿಷ ನಿಂತೇ ಮಾತು. ಇದು ಮೂರನೇ ದಿನಕ್ಕೇ ಚಹಾ ಅಂಗಡಿಗೆ ಹೋಯಿತು, ಮುಕ್ಕಾಲು ಗಂಟೆ ಆಯಿತು. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ.

ಮೊದಲ ಸ್ಪ್ರಿಂಟ್ ಮುಗಿದಾಗ ಡಬ್ಬಿಯನ್ನು ಬಾಜೂ ಮನೆ ಕಾಕು ಅವರ ನಲ್ಲಿಗೆ ಕೂರಿಸಿದೆವು. ಪೈಪಿನ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ಚಕ್ರ. ನೀರು ಹರಿದರೆ ತಿರುಗುತ್ತದೆ, ತಿರುಗಿದರೆ ಫೋನು ಕಿರುಚುತ್ತದೆ. ಮರುದಿನ ಕಾಕು ಕೊಡ ಹಿಡಿದೇ ಮೆಟ್ಟಿಲು ಹತ್ತಿ ಬಂದರು.

“ಯಪ್ಪಾ, ರಾತ್ರಿ ಮೂರಕ್ಕ ಎಬ್ಬಿಸ್ತು ನಿಮ್ ಡಬ್ಬಿ. ಕೊಡ, ಹಂಡೆ ಎಲ್ಲಾ ಸಾಲಾಗಿ ಇಟ್ಟು ಕುಂತೆ. ಬರೇ ಗಾಳಿ! ನೀರ್ ಬಂದಿದ್ದು ಐದಕ್ಕ. ಆಗ ಕರೆಂಟ್ ಹೋಗಿತ್ತು, ನಿಮ್ ಫೋನ್ ತುಟಿ ಪಿಟಕ್ಕನ್ನಲಿಲ್ಲ.”

ನಾಲ್ವರೂ ಮುಖ ಮುಖ ನೋಡಿಕೊಂಡೆವು. ನೀರಿಗಿಂತ ಮುಂಚೆ ಪೈಪಿನಲ್ಲಿದ್ದ ಗಾಳಿ ಸೊಂಯ್ ಅಂತ ಹೊರಗೆ ಬರುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಚಕ್ರಕ್ಕೆ ಗಾಳಿಯೂ ಒಂದೇ, ನೀರೂ ಒಂದೇ ಅಂತ ಯಾರಿಗೂ ಹೊಳೆದಿರಲಿಲ್ಲ. ಕರೆಂಟ್ ಹೋದರೆ ಮನೆಯ ವೈಫೈ ಡಬ್ಬಿಯೂ ಸತ್ತಂತೆ. ಅದೂ ಗೊತ್ತಿದ್ದದ್ದೇ.

“ಫೋನ್ ಎದಕ್ಕ ಬೇಕು? ನಾ ಅದನ್ನ ಮಕ್ಕೋವಾಗ ಕಪಾಟಿನಾಗ ಇಡ್ತೀನಿ. ಒಂದು ಗಂಟಿ ಹೊಡೀಲಿ ಸಾಕು,” ಅಂದು ಕಾಕು ಇಳಿದು ಹೋದರು.

ಗಂಟೆಯ ಚೀಟಿ ನಮ್ಮ ಬಳಿಯೂ ಇತ್ತು. ಎಲ್ಲಕ್ಕಿಂತ ಕೆಳಗೆ, ಬಾಗಿಲ ಹಿಂದೆ. ಅದನ್ನು ಕಿತ್ತು ಮೇಲೆ ಅಂಟಿಸಿದೆವು. ಗ್ರಾಫ್ ಮಾಡಿದ ಗೆಳೆಯ ಅವತ್ತು ಊಟಕ್ಕೆ ಬರಲಿಲ್ಲ. ಎರಡು ವಾರದ ಕಷ್ಟ, ಪಾಪ. ನನಗೂ ಒಳಗೊಳಗೇ ಸಿಟ್ಟಿತ್ತು. ಕಾಕು ಮೇಲಲ್ಲ, ಹದಿನೈದು ದಿನದ ಹಿಂದೆ ಆಕೆಯ ಮನೆಗೆ ಹೋಗಿ ಒಂದು ಮಾತು ಕೇಳದ ನಮ್ಮ ಮೇಲೆ.

ಎರಡನೇ ಸಲ ಚಕ್ರ ತೆಗೆದು ಎರಡು ತಾಮ್ರದ ತಂತಿ ಇಟ್ಟೆವು. ನಲ್ಲಿ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಅದರಲ್ಲಿ ಕರೆಂಟ್ ಹರಿಯುತ್ತದೆ. ತಂತಿ ಎರಡೂ ನೀರಿಗೆ ತಾಗಿದರೆ ಗಂಟೆ. ಗಾಳಿಯ ಆಟ ನಡೆಯೋದಿಲ್ಲ. ವಾರದೊಳಗೆ ತಂತಿಯ ತುದಿ ಹಸಿರಾಗಿ ತುಕ್ಕು ಹಿಡಿಯಿತು, ಏಕೆಂದರೆ ಕರೆಂಟನ್ನು ಬಿಡದೆ ಹರಿಸುತ್ತಿದ್ದೆವು. ತಾಮ್ರ ಹೋಗಿ ಸ್ಟೀಲ್ ಸ್ಕ್ರೂ ಬಂತು. ಐದು ಸೆಕೆಂಡಿಗೊಮ್ಮೆ ಮಾತ್ರ ಮುಟ್ಟಿ ನೋಡು ಅಂತ ಡಬ್ಬಿಗೆ ಹೇಳಿಕೊಟ್ಟೆವು. ಬ್ಯಾಟರಿಯೂ ಉಳಿಯಿತು.

ಜೂನ್ ಮೊದಲ ವಾರ, ನಸುಕು. ಕಿಟಕಿಯಾಚೆ ಗಂಟೆ ಹೊಡೆಯಿತು. ಗಲ್ಲಿ ಪೂರ್ತಿ ಕತ್ತಲು, ಕರೆಂಟಿಲ್ಲ. ಆಮೇಲೆ ಕಾಕು ಅವರ ದನಿ: “ಏಳ್ರೋ, ನೀರ್ ಬಂದಾವ!” ಹಿಂದೆಯೇ ಕೊಡ ಇಟ್ಟ ಸದ್ದು, ಅದರ ತಳಕ್ಕೆ ನೀರು ಬಿದ್ದ ಸದ್ದು. ನಾವು ನಾಲ್ವರೂ ಚಾದರ ಹೊದ್ದೇ ಕಿಟಕಿಯಲ್ಲಿ ನಿಂತು ಕೇಳಿದೆವು.

ಹತ್ತು ಗಂಟೆಗೆ ಆಕೆ ಮತ್ತೆ ಮೇಲೆ ಬಂದರು, ಕೈಯಲ್ಲಿ ಶೇಂಗಾ ಹಿಂಡಿ, ರೊಟ್ಟಿ. “ಬಂದಿದ್ದು ಹೇಳ್ತು, ಛಲೋ ಆತು. ಟಾಕಿ ತುಂಬಿದ್ದೂ ಹೇಳಬೇಕಲ್ಲ?”

ಹೊಸ ಚೀಟಿ ಬರೆದು ಎಲೆ ತೆಗೆದೆವು. ಮೂವರದು 3. ಗ್ರಾಫಿನ ಗೆಳೆಯ ಮಾತ್ರ ಆಟೀನ್ ರಾಜನನ್ನು ಇಟ್ಟಿದ್ದ. ಅಂಕಿ ಬೇರೆ ಬಂದವನು ಕಾರಣ ಹೇಳಬೇಕು, ಅದು ನಿಯಮ.

“ಟಾಕಿ ಮಾಳಿಗಿ ಮ್ಯಾಲ ಅದ,” ಅಂದ ಅವನು, ರೊಟ್ಟಿ ಮುರಿಯುತ್ತ. “ಈ ಬಿಸಲಾಗ ವೈರ್ ಯಾರ್ ಎಳೀತೀರಿ?”