ಮಳೆಗಾಲದಲ್ಲಿ ಹೆಪ್ಪುಗಟ್ಟಿದ ಸ್ಲರಿ

ಬ್ಯಾಟರಿಯ ಲೋಹದ ಹಾಳೆಗೆ ಬಳಿಯುವ ಮಂದ ದ್ರವ, ಅಂದರೆ ಸ್ಲರಿ, ಕೆಟ್ಟಿದ್ದಕ್ಕೆ ಪರಿಶೀಲನಾ ಸಭೆಯಲ್ಲಿ ಅದರ ಪುಡಿಯನ್ನು ಅಂಟಿಸಿ ಹಿಡಿಯುವ ಬೈಂಡರ್ ಆದ ಪಿವಿಡಿಎಫ್ (ಒಂದು ಪಾಲಿಮರ್) ಬ್ಯಾಚಿನ ಮೇಲೆ ತಪ್ಪು ಹೊರಿಸಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಬಳ್ಳಾರಿಯ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಸೋಡಿಯಂ-ಅಯಾನ್ ಬ್ಯಾಟರಿಗೆ ಕ್ಯಾಥೋಡ್, ಅಂದರೆ ಧನ ವಿದ್ಯುದಗ್ರ, ಮಾಡುತ್ತೇವೆ. ಸೋಡಿಯಂ, ಕಬ್ಬಿಣ, ಮ್ಯಾಂಗನೀಸ್, ಆಮ್ಲಜನಕ, ಇಷ್ಟೇ. ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ. ಕಬ್ಬಿಣ, ಮ್ಯಾಂಗನೀಸ್ ಎರಡೂ ಸಂಡೂರಿನ ಗುಡ್ಡಗಳಲ್ಲೇ ಇರುವಾಗ ಪಿ2 ಎಂಬ ಪದರ ರಚನೆಯ ಈ ಆಕ್ಸೈಡನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. 2012ರಲ್ಲಿ ಜಪಾನಿನ ಸಂಶೋಧಕರು ಇದರಿಂದ ಗ್ರಾಂಗೆ 190 ಮಿಲಿಆಂಪಿಯರ್-ಗಂಟೆ ಪಡೆದಿದ್ದರು. ಆದರೆ ಇದಕ್ಕೆ ತೇವ ಆಗದು. ಗಾಳಿಯ ನೀರಿನಂಶ, ಇಂಗಾಲದ ಡೈಆಕ್ಸೈಡ್ ತಾಗಿದರೆ ಪದರಗಳ ನಡುವಿನ ಸೋಡಿಯಂ ಹೊರಬಂದು ಕಣಗಳ ಮೇಲೆ ಕಾರ್ಬೊನೇಟ್, ಹೈಡ್ರಾಕ್ಸೈಡ್ ಆಗಿ ಕೂರುತ್ತದೆ. ಆ ಕ್ಷಾರವೇ ಪಿವಿಡಿಎಫ್‌ನ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತದೆ.

ಸೆಪ್ಟೆಂಬರಿನ ಮಳೆ. 900 ಡಿಗ್ರಿಯಲ್ಲಿ ಸುಟ್ಟ ಪುಡಿ ನೇರ ಗ್ಲೋವ್‌ಬಾಕ್ಸಿಗೆ, ಅಂದರೆ ಆರ್ಗಾನ್ ಅನಿಲ ತುಂಬಿ ಗಾಳಿ ತಾಗದಂತೆ ಮುಚ್ಚಿದ ಪೆಟ್ಟಿಗೆಗೆ, ಹೋಗಬೇಕಿತ್ತು. ಆದರೆ ಆರ್ಗಾನ್ ಸಿಲಿಂಡರಿನ ಇಂಡೆಂಟ್ (ಬೇಡಿಕೆ ಪತ್ರ) ಸಹಿಗೆ ಕಾಯುತ್ತ ಬಿದ್ದಿತ್ತು. ಪುಡಿಯನ್ನು ತೇವ ತಡೆಯುವ ಪಾತ್ರೆಯಾದ ಡೆಸಿಕೇಟರಿನಲ್ಲೇ ಇಟ್ಟರು. ಅದರ ಸಿಲಿಕಾ ಜೆಲ್ ಆಗಲೇ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಪುಡಿ, ಇಂಗಾಲ, ಪಿವಿಡಿಎಫ್ ಮೂರನ್ನೂ 80:10:10 ಪ್ರಮಾಣದಲ್ಲಿ ಎನ್‌ಎಂಪಿ ಎಂಬ ದ್ರಾವಕದಲ್ಲಿ ಬೆರೆಸಿದೆವು. ಅಲ್ಯೂಮಿನಿಯಂ ಹಾಳೆ ಹಾಸಿ, ಸಹೋದ್ಯೋಗಿ ಸ್ಲರಿ ಬಳಿಯುವ ಬ್ಲೇಡ್ ಹಿಡಿದು ನಿಂತಿದ್ದರು. ಮೊದಲು ಸರಾಗವಾಗಿ ಇಳಿಯುತ್ತಿದ್ದ ಸ್ಲರಿ ನೋಡನೋಡುತ್ತಿದ್ದಂತೆ ಭಾರವಾಯಿತು. ಮೋಟಾರಿನ ಸದ್ದು ದಪ್ಪವಾಯಿತು. “ಇನ್ನಷ್ಟು ಎನ್‌ಎಂಪಿ ಹಾಕಿ” ಎಂದರು ಹಿರಿಯರು. ಹಾಕಿದೆವು, ಸಡಿಲವಾಯಿತು. ಬ್ಲೇಡ್ ಎಳೆಯಬಹುದು ಎನ್ನುವಷ್ಟರಲ್ಲಿ ಮತ್ತೆ ಬಿಗಿಯಿತು. ಇನ್ನೊಮ್ಮೆ ಹಾಕಿದರೂ ಅದೇ ಕಥೆ. ಯಾರೂ ಮಾತಾಡಲಿಲ್ಲ. ಕೊನೆಗೆ ಬೀಕರನ್ನು ಬೋರಲು ಹಾಕಿದರೂ ಒಂದು ಹನಿ ಜಾರಲಿಲ್ಲ, ಗಡ್ಡೆಮೊಸರಿನಂತೆ ಅಲ್ಲೇ ಕೂತಿತ್ತು.

ಸಭೆಯ ತೀರ್ಮಾನವನ್ನು ನಾನು ಒಪ್ಪಲಿಲ್ಲ. ಉಳಿದ ಪುಡಿಯನ್ನು ನೀರಿಗೆ ಹಾಕಿ ನೋಡಿದರೆ ಪಿಎಚ್ 12 ದಾಟಿತ್ತು. ಈ ಪದಾರ್ಥ ನೀರಿಗೆ ಬಿದ್ದರೆ ಹೇಗೂ ಕ್ಷಾರ ಬಿಡುತ್ತದೆ. ಹೊಸ ಪುಡಿಯ ಪಕ್ಕದಲ್ಲಿಟ್ಟು ಅಳೆಯದ ಹೊರತು ಆ ಅಂಕಿಗೆ ಅರ್ಥವಿಲ್ಲ. ಆದ್ದರಿಂದ ಆರ್ಗಾನ್ ಬಂದ ಮೇಲೆ ಹಳೆಯ, ಹೊಸ ಎರಡೂ ಪುಡಿಗಳ ಸ್ಲರಿ ಮಾಡಿ ಹೋಲಿಸಿದೆ. ಕುಲುಮೆಯಿಂದ ಬಿಸಿಯಾಗಿ ಗ್ಲೋವ್‌ಬಾಕ್ಸಿನ ಒಳಗೆ ಹೋದ ಪುಡಿ, ದೂರು ಹೊತ್ತ ಅದೇ ಪಿವಿಡಿಎಫ್ ಜೊತೆ ಚೆನ್ನಾಗಿ ಹರಿಯಿತು. ಹಳೆಯ ಪುಡಿ ಹೊಸ ಪಿವಿಡಿಎಫ್ ಜೊತೆಗೂ ಹೆಪ್ಪುಗಟ್ಟಿತು. ಬೈಂಡರ್ ಬದಲಿಸಲು ಹಣ ಇತ್ತು, ಸಿಲಿಂಡರಿಗೆ ಇರಲಿಲ್ಲ!

ಕಬ್ಬಿಣ-ಮ್ಯಾಂಗನೀಸ್ ಜೊತೆ ತಾಮ್ರ ಸೇರಿಸಿದರೆ ಇಂಥ ಆಕ್ಸೈಡ್ ಗಾಳಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ ಎಂದು ಚೀನಾದ ಗುಂಪೊಂದು 2015ರಲ್ಲೇ ತೋರಿಸಿದೆ. ಅದನ್ನು ಮಾಡಿ ನೋಡಲು ಅನುಮತಿ ಕೇಳಿದ್ದೇನೆ. ಅಲ್ಲಿಯವರೆಗೆ ಆರ್ಗಾನ್ ಇಲ್ಲದ ವಾರ ಕುಲುಮೆ ಹಚ್ಚುವುದಿಲ್ಲ, ವಾರದ ವರದಿಯಲ್ಲಿ ಕಾರಣವನ್ನು ಹಾಗೆಯೇ ಬರೆಯುತ್ತೇನೆ.